ಬೇರೆಯವರ ಕ್ಯಾಮೆರಾ, ನಮ್ಮ ಚಿತ್ರ: ಸ್ಟಾಕ್ ಫುಟೇಜ್ ಬಳಸುವ ಮೊದಲು

ಮಲೆನಾಡಿನ ಅಡಿಕೆಗೆ ತಗಲುವ ಕೊಳೆರೋಗದ ಬಗ್ಗೆ ನೀವು ಎಂಟು ನಿಮಿಷದ ವಿಡಿಯೋ ಮಾಡಲು ಹೊರಟಿದ್ದೀರಿ ಎಂದುಕೊಳ್ಳೋಣ. ಕೈಯಲ್ಲಿ ಒಂದು ಸಾಧಾರಣ ಕ್ಯಾಮೆರಾ ಇದೆ, ತೀರ್ಥಹಳ್ಳಿ ಕಡೆ ಪರಿಚಯದವರ ತೋಟವಿದೆ, ಮಾತಾಡಲು ಒಪ್ಪಿದ ರೈತರಿದ್ದಾರೆ. ಸ್ಕ್ರಿಪ್ಟ್ ಬರೆಯುತ್ತ ಹೋದ ಹಾಗೆ ಕೆಲವು ಸಾಲುಗಳ ಮುಂದೆ ಪೆನ್ನು ನಿಲ್ಲುತ್ತದೆ. ಅರಬ್ಬಿ ಸಮುದ್ರದಿಂದ ಮುಂಗಾರಿನ ಮೋಡ ಘಟ್ಟದ ಕಡೆ ಸರಿಯುತ್ತದೆ ಎಂದು ಬರೆದಿರಿ, ತೋರಿಸುವುದೇನನ್ನು? ಫೈಟಾಫ್ಥೋರಾ ಎಂಬ ಶಿಲೀಂಧ್ರದಂಥ ಜೀವಿ ಒದ್ದೆಯಾದ ಕಾಯಿಯ ಮೇಲೆ ಹಬ್ಬುತ್ತದೆ ಎಂದಿರಿ, ಅದನ್ನು ಕಾಣಿಸುವುದು ಹೇಗೆ? ನಿಮ್ಮ ಹತ್ತಿರ ಉಪಗ್ರಹವೂ ಇಲ್ಲ, ಸೂಕ್ಷ್ಮದರ್ಶಕವೂ ಇಲ್ಲ.

ಸ್ಟಾಕ್ ಫುಟೇಜ್ ಬೇಕಾಗುವುದು ಇಲ್ಲಿ. ಯಾರೋ ಮೊದಲೇ ಚಿತ್ರೀಕರಿಸಿ, ಬೇರೆಯವರು ಬಳಸಿಕೊಳ್ಳಲಿ ಎಂದು ಸಂಗ್ರಹದಲ್ಲಿ ಇಟ್ಟ ಶಾಟ್‌ಗಳಿವು. ಇವನ್ನು ಬಳಸುವುದು ಕಳ್ಳತನವೂ ಅಲ್ಲ, ಸೋಮಾರಿತನವೂ ಅಲ್ಲ. 1982ರ 'ಬ್ಲೇಡ್ ರನ್ನರ್' ಚಿತ್ರ ಮೊದಲು ತೆರೆಗೆ ಬಂದಾಗ ಅದರ ಕೊನೆಯಲ್ಲಿ ಬೆಟ್ಟಗಾಡಿನ ಆಕಾಶನೋಟ ಬರುತ್ತಿತ್ತು. ಅದನ್ನು ನಿರ್ದೇಶಕ ರಿಡ್ಲಿ ಸ್ಕಾಟ್ ತೆಗೆದದ್ದಲ್ಲ. ಸ್ಟ್ಯಾನ್ಲಿ ಕುಬ್ರಿಕ್ ತಮ್ಮ 'ದಿ ಶೈನಿಂಗ್' ಚಿತ್ರಕ್ಕೆಂದು ತೆಗೆಸಿ, ಬಳಸದೆ ಉಳಿಸಿದ್ದ ಹೆಲಿಕಾಪ್ಟರ್ ಶಾಟ್‌ಗಳವು. ದೊಡ್ಡವರೂ ಕೇಳಿ ಪಡೆದಿದ್ದಾರೆ. ನೀವೂ ಪಡೆಯಬಹುದು, ಆದರೆ ಕೇಳಿ ಪಡೆಯಬೇಕು.

ಹೊಸಬರು ಮೊದಲು ಕಲಿಯಬೇಕಾದದ್ದು ಯಾವುದನ್ನು ತರಬಾರದು ಎಂಬುದನ್ನು. ನಾನು ಕಲಿಸುವಾಗ ಸ್ಕ್ರಿಪ್ಟಿನ ಪಕ್ಕದಲ್ಲೇ ಗೆರೆ ಎಳೆದು ಗುರುತು ಹಾಕಿಸುತ್ತೇನೆ. ಎಲ್ಲಿ ನಡೆದರೂ ಒಂದೇ ಆಗಿರುವಂಥದ್ದನ್ನು ಹೊರಗಿನಿಂದ ತರಬಹುದು: ಮೋಡದ ಚಲನೆ, ಸೂಕ್ಷ್ಮದರ್ಶಕದ ನೋಟ, ಭೂಮಿಯ ಉಪಗ್ರಹ ಚಿತ್ರ. ಇಲ್ಲೇ, ಹೀಗೇ ನಡೆಯುವಂಥದ್ದನ್ನು ನೀವೇ ತೆಗೆಯಬೇಕು. ಬೋರ್ಡೋ ದ್ರಾವಣ ಮಾಡುವುದನ್ನೇ ನೋಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ ಬೆರೆಸಿದಾಗ ಬರುವ ಆ ತಿಳಿನೀಲಿ, ಪಂಪಿನ ಸದ್ದು, ಕೊನೆಗೆ ಔಷಧಿ ಹೊಡೆಯುವವರು ಕತ್ತೆತ್ತಿ ಗೊನೆ ನೋಡುವ ರೀತಿ. ಇದ್ಯಾವುದೂ ಯಾವ ಸೈಟಿನಲ್ಲೂ ನಿಮಗೆ ಬೇಕಾದಂತೆ ಸಿಗುವುದಿಲ್ಲ. ಸಿಕ್ಕರೂ ನಿಮ್ಮ ರೈತರ ಕೈ ಅಲ್ಲಿರುವುದಿಲ್ಲ.

ಈ ಗೆರೆ ದಾಟಿದವರ ವಿಡಿಯೋ ನೋಡಿದೊಡನೆ ಗೊತ್ತಾಗುತ್ತದೆ. ಅಡಿಕೆಯ ಬಗ್ಗೆ ಮಾತು, ಪರದೆಯ ಮೇಲೆ ತೆಂಗಿನ ಮರ. ಶಿವಮೊಗ್ಗದ ಬಸ್‌ಸ್ಟ್ಯಾಂಡ್ ಎನ್ನುತ್ತಾರೆ, ಹಿಂದಿನ ಬೋರ್ಡು ಹಿಂದಿಯಲ್ಲಿ. 'ಭಾರತದ ರೈತ' ಎಂದು ಹುಡುಕಿ ತಂದ ಕ್ಲಿಪ್ಪಿನಲ್ಲಿ ಪಂಜಾಬಿನ ಗೋಧಿ ಹೊಲ. ಮಲೆನಾಡಿನ ನೋಡುಗ ಸಾಮಾನ್ಯವಾಗಿ ಒಳ್ಳೆಯವನು, ಬೈಯುವುದಿಲ್ಲ, ಸುಮ್ಮನೆ ಬೇರೆ ವಿಡಿಯೋಗೆ ಹೋಗುತ್ತಾನೆ. ಇನ್ನೊಂದು ಕಾಯಿಲೆ, ಸವೆದ ಶಾಟ್‌ಗಳದು: ಕೈಕುಲುಕುವ ಕೋಟುಧಾರಿಗಳು, ಗಾಜಿನ ಕಿಟಕಿಯಿಂದ ದೂರ ನೋಡುವ ಹೆಂಗಸು, ಗೋಧಿ ತೆನೆ ಸವರುವ ಕೈ. ಡಿಸಾಲ್ವ್ ಎಂಬ ಸ್ಟಾಕ್ ಫುಟೇಜ್ ಕಂಪನಿ 2014ರಲ್ಲಿ ತನ್ನದೇ ಸಂಗ್ರಹದ ಇಂಥ ಶಾಟ್‌ಗಳನ್ನು ಜೋಡಿಸಿ ಒಂದು ಅಣಕು ಜಾಹೀರಾತು ಮಾಡಿತು. ಲೇಖಕಿ ಕೆಂಡ್ರಾ ಈಶ್ ಬರೆದ ವ್ಯಂಗ್ಯ ಬರಹ ಅದಕ್ಕೆ ಆಧಾರ. ಯಾವ ಕಂಪನಿಗೂ ಹೊಂದುವ, ಯಾವುದರ ಬಗ್ಗೆಯೂ ಏನೂ ಹೇಳದ ಜಾಹೀರಾತು. ಮಾರುವವರೇ ತಮ್ಮ ಸರಕನ್ನು ಗೇಲಿ ಮಾಡಿಕೊಂಡ ಆ ವಿಡಿಯೋವನ್ನು ಪ್ರತಿಯೊಬ್ಬ ಹೊಸಬರೂ ಒಮ್ಮೆ ನೋಡಬೇಕು.

ಹುಡುಕುವುದೂ ಒಂದು ಕಲೆಯೇ. ಅಡಿಕೆ ಮರ ಬೇಕೆಂದು 'ಅರೆಕಾ ಪಾಮ್' ಎಂದು ಹುಡುಕಿದರೆ ಸಾಲುಸಾಲಾಗಿ ಬರುವುದು ಹಜಾರದ ಕುಂಡದಲ್ಲಿಡುವ ಅಲಂಕಾರದ ಗಿಡ. ಮಾರುಕಟ್ಟೆಯಲ್ಲಿ ಆ ಹೆಸರು ಅದಕ್ಕೇ ಅಂಟಿಕೊಂಡಿದೆ. 'ಬೀಟಲ್ ನಟ್ ಟ್ರೀ', 'ಅರೆಕಾ ನಟ್ ಪ್ಲಾಂಟೇಷನ್' ಎಂದು ಹುಡುಕಿದರೆ ದಾರಿ ಸರಿಹೋಗುತ್ತದೆ. ರಾಗಿಗೆ 'ಫಿಂಗರ್ ಮಿಲೆಟ್', ಮಲೆನಾಡಿಗೆ 'ವೆಸ್ಟರ್ನ್ ಘಾಟ್ಸ್'. ಕ್ಲಿಪ್ ಇಷ್ಟವಾದರೆ ತೆಗೆದವರ ಹೆಸರಿನ ಮೇಲೆ ಒತ್ತಿ, ಅವರ ಉಳಿದ ಕ್ಲಿಪ್ಪುಗಳನ್ನೂ ನೋಡಿ. ಒಂದೇ ಬೆಳಕು, ಒಂದೇ ಜಾಗದ ಮೂರು ನಾಲ್ಕು ಶಾಟ್ ಸಿಕ್ಕರೆ ಎಡಿಟಿಂಗಿನಲ್ಲಿ ಅದೇ ಒಂದು ದೃಶ್ಯವಾಗುತ್ತದೆ.

ಈಗ ಲೈಸೆನ್ಸ್. ಬಹಳ ಜನ ಓದದೆ ದಾಟುವ ಭಾಗ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ. ಹಣ ಕೊಟ್ಟ ಮಾತ್ರಕ್ಕೆ ಕ್ಲಿಪ್ ನಿಮ್ಮದಾಗುವುದಿಲ್ಲ. ಮದುವೆಗೆ ಬಾಡಿಗೆ ಪಾತ್ರೆ ತಂದ ಹಾಗೆ, ಬಳಸುವ ಹಕ್ಕು ಮಾತ್ರ ನಿಮ್ಮದು. ಹೆಚ್ಚಿನ ಸೈಟುಗಳು ಮಾರುವುದು 'ರಾಯಲ್ಟಿ ಫ್ರೀ' ಹಕ್ಕನ್ನು. ಅದು ಪುಕ್ಕಟೆಯಲ್ಲ. ಒಂದು ಸಲ ಹಣ ಕೊಟ್ಟರೆ ಪ್ರತಿ ಪ್ರದರ್ಶನಕ್ಕೂ ಮತ್ತೆ ಕೊಡಬೇಕಿಲ್ಲ ಎಂದಷ್ಟೇ. ಇನ್ನೊಂದು ಬಗೆ 'ರೈಟ್ಸ್ ಮ್ಯಾನೇಜ್ಡ್'. ಎಲ್ಲಿ, ಎಷ್ಟು ಕಾಲ, ಯಾವ ಮಾಧ್ಯಮದಲ್ಲಿ ತೋರಿಸುತ್ತೀರಿ ಎಂಬುದರ ಮೇಲೆ ದರ. ಅಪರೂಪದ ಹಳೆಯ ಸುದ್ದಿಚಿತ್ರಗಳು ಸಾಮಾನ್ಯವಾಗಿ ಹೀಗೆ ಸಿಗುತ್ತವೆ.

'ಎಡಿಟೋರಿಯಲ್' ಎಂಬ ಗುರುತು ಕಂಡರೆ ಇನ್ನೂ ಎಚ್ಚರ ಬೇಕು. ಸುದ್ದಿ, ಮಾಹಿತಿ, ಶಿಕ್ಷಣಕ್ಕೆ ಸರಿ, ಜಾಹೀರಾತಿಗೆ ಸಲ್ಲದು ಎಂದು ಅದರ ಅರ್ಥ. ಜಾತ್ರೆಯ ಜನಸಂದಣಿ, ಕಂಪನಿ ಹೆಸರು ಕಾಣುವ ಲಾರಿ, ರಾಜಕಾರಣಿಯ ಸಭೆ, ಎಲ್ಲ ಈ ಸಾಲಿಗೆ. ನಿಮ್ಮ ಕೊಳೆರೋಗದ ವಿಡಿಯೋ ಮಾಹಿತಿಗಾಗಿ ಮಾಡಿದ್ದಾದರೆ ಅಂಥ ಕ್ಲಿಪ್ ಬಳಸಬಹುದು. ನಾಳೆ ಒಬ್ಬ ಔಷಧಿ ಕಂಪನಿಯವರು ಬಂದು, ಕೊನೆಗೆ ನಮ್ಮ ಡಬ್ಬ ತೋರಿಸಿ, ಖರ್ಚು ಕೊಡುತ್ತೇವೆ ಎಂದರೆ? ವಿಡಿಯೋ ಅದೇ, ಕ್ಲಿಪ್ ಅದೇ. ಆದರೆ ಅದು ಈಗ ಜಾಹೀರಾತು, ಆ ಕ್ಲಿಪ್ ಅಲ್ಲಿರುವಂತಿಲ್ಲ. ಆದ್ದರಿಂದ ವಿಡಿಯೋಗೆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನು ಕ್ಲಿಪ್ ಹುಡುಕುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಮುಖ ಕಾಣುವ ಕ್ಲಿಪ್ಪಿಗೆ 'ಮಾಡೆಲ್ ರಿಲೀಸ್' ಇದೆಯೇ ನೋಡಿ. ಚಿತ್ರದಲ್ಲಿರುವವರು ಸಹಿ ಮಾಡಿದ ಒಪ್ಪಿಗೆ ಪತ್ರ ಅದು. ಅದು ಇದ್ದರೂ ಎಲ್ಲಕ್ಕೂ ಒಪ್ಪಿಗೆ ಎಂದಲ್ಲ. ಎಲ್ಲೋ ನಗುನಗುತ್ತ ಕ್ಯಾಮೆರಾ ನೋಡಿದ ರೈತನ ಮುಖ ಹಾಕಿ, ಹಿನ್ನೆಲೆಯಲ್ಲಿ 'ಸಾಲದಲ್ಲಿ ಮುಳುಗಿದ' ಎಂದು ಓದಿದರೆ ಹೆಚ್ಚಿನ ಲೈಸೆನ್ಸುಗಳ ಷರತ್ತು ಮುರಿದಂತೆ. ಷರತ್ತು ಇಲ್ಲದಿದ್ದರೂ ಅದು ಆ ಮನುಷ್ಯನಿಗೆ ಮಾಡುವ ಅನ್ಯಾಯ. ಕೆಲವು ಕಟ್ಟಡಗಳಿಗೂ ಇಂಥ ಒಪ್ಪಿಗೆ ಬೇಕಾಗುತ್ತದೆ. ಮುಂಬೈಯ ತಾಜ್ ಮಹಲ್ ಪ್ಯಾಲೇಸ್ ಹೋಟೆಲ್ 2017ರಲ್ಲಿ ತನ್ನ ಕಟ್ಟಡದ ರೂಪಕ್ಕೇ ಟ್ರೇಡ್‌ಮಾರ್ಕ್ ಪಡೆದಿದೆ. ಪ್ಯಾರಿಸ್ಸಿನ ಐಫೆಲ್ ಗೋಪುರವನ್ನು ಹಗಲಿನಲ್ಲಿ ತೋರಿಸಲು ಅಡ್ಡಿಯಿಲ್ಲ. ರಾತ್ರಿಯ ದೀಪಾಲಂಕಾರಕ್ಕೆ ಬೇರೆ ಹಕ್ಕಿದೆ, ವೃತ್ತಿಪರ ಬಳಕೆಗೆ ಅನುಮತಿ ಬೇಕು ಎನ್ನುತ್ತದೆ ಅದರ ಆಡಳಿತ.

ಹಾಗಾದರೆ ಎಲ್ಲಿ ಕೊಳ್ಳುವುದು? ಇದಕ್ಕೆ ಒಂದೇ ಉತ್ತರ ಕೊಡುವವರನ್ನು ನಂಬಬೇಡಿ. ವರ್ಷಕ್ಕೆ ನಾಲ್ಕಾರು ಕ್ಲಿಪ್ ಸಾಕೆನ್ನುವವರು ಬಿಡಿಬಿಡಿಯಾಗಿ ಕೊಳ್ಳುವುದು ಮೇಲು. ಪಾಂಡ್5 ಇದಕ್ಕೆ ಹೆಸರಾದದ್ದು. ಅಲ್ಲಿ ಕ್ಲಿಪ್ಪಿನ ಬೆಲೆಯನ್ನು ತೆಗೆದವರೇ ಇಡುತ್ತ ಬಂದಿದ್ದಾರೆ, ಹಾಗಾಗಿ ಹುಡುಕುವ ತಾಳ್ಮೆಯಿದ್ದವರಿಗೆ ಲಾಭ. 2022ರಲ್ಲಿ ಅದನ್ನು ಷಟರ್‌ಸ್ಟಾಕ್ ಕೊಂಡಿತು. ವಾರಕ್ಕೊಂದು ವಿಡಿಯೋ ಹಾಕುವವರಿಗೆ ಚಂದಾ ಪದ್ಧತಿಯ ಸ್ಟೋರಿಬ್ಲಾಕ್ಸ್, ಎನ್‌ವಾಟೋ, ಆರ್ಟ್‌ಗ್ರಿಡ್‌ನಂಥವು ಅನುಕೂಲ. ಸಿನಿಮಾ ಕ್ಯಾಮೆರಾದಲ್ಲಿ ತೆಗೆದ, ಒಂದೇ ಕಥೆಯ ಹಲವು ಶಾಟ್ ಬೇಕಾದರೆ ಆರ್ಟ್‌ಗ್ರಿಡ್ ನನ್ನ ಆಯ್ಕೆ. ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಅಡೋಬಿ ಸ್ಟಾಕ್ ಒಳಗಿನಿಂದಲೇ ಸಿಗುತ್ತದೆ. ಸುದ್ದಿ ಮತ್ತು ಇತಿಹಾಸಕ್ಕೆ ಗೆಟ್ಟಿ ಇಮೇಜಸ್, ಬೆಲೆ ಮಾತ್ರ ಕೈಸುಡುವಂಥದ್ದು.

ಚಂದಾ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಚಂದಾ ನಿಲ್ಲಿಸಿದ ಮೇಲೆ ನನ್ನ ಡಿಸ್ಕಿನಲ್ಲಿ ಉಳಿದ ಕ್ಲಿಪ್ಪುಗಳ ಗತಿ ಏನು? ಆಗಲೇ ಪ್ರಕಟವಾದ ವಿಡಿಯೋಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹೊಸ ವಿಡಿಯೋದಲ್ಲಿ ಬಳಸಬಹುದೇ ಎಂಬುದು ಸೈಟಿನಿಂದ ಸೈಟಿಗೆ ಬೇರೆ. ಎನ್‌ವಾಟೋದಲ್ಲಿ ಒಂದೊಂದು ಪ್ರಾಜೆಕ್ಟಿಗೂ ಕ್ಲಿಪ್ಪನ್ನು ಬೇರೆಯಾಗಿ ದಾಖಲಿಸಿಕೊಳ್ಳಬೇಕೆಂಬ ನಿಯಮ ಬಹುಕಾಲದಿಂದ ಇದೆ. ಇನ್ನು ನೀವು ಸಹಕಾರ ಸಂಘಕ್ಕೋ ಶಾಲೆಗೋ ವಿಡಿಯೋ ಮಾಡಿಕೊಡುವವರಾದರೆ, ಲೈಸೆನ್ಸ್ ನಿಮ್ಮ ಹೆಸರಿನಲ್ಲಿರಬೇಕೋ ಅವರ ಹೆಸರಿನಲ್ಲಿಯೋ ಎಂದು ಮೊದಲೇ ನೋಡಿ. ಮೂಲ ಕ್ಲಿಪ್ಪನ್ನು ಪೆನ್‌ಡ್ರೈವಿಗೆ ಹಾಕಿ ಅವರಿಗೆ ಕೊಡುವುದನ್ನಂತೂ ಯಾರೂ ಒಪ್ಪುವುದಿಲ್ಲ.

ಪುಕ್ಕಟೆ ಸಿಗುವ ಕಡೆಗಳೂ ಇವೆ, ಕೆಲವು ನಿಜಕ್ಕೂ ಚೆನ್ನಾಗಿವೆ. ಪೆಕ್ಸೆಲ್ಸ್ ಮತ್ತು ಪಿಕ್ಸಾಬೇ ಎರಡೂ 2019ರಿಂದ ಕ್ಯಾನ್ವಾ ಕಂಪನಿಯವು. ಹೆಸರು ಹಾಕದೆಯೂ, ವ್ಯಾಪಾರಕ್ಕೂ ಬಳಸಬಹುದು. ಇದ್ದ ಹಾಗೇ ಮಾರಬಾರದು, ಗುರುತು ಸಿಗುವ ವ್ಯಕ್ತಿಗಳನ್ನು ಕೆಟ್ಟದಾಗಿ ತೋರಿಸಬಾರದು. ತೊಂದರೆಯೆಂದರೆ ನಿಮಗೆ ಇಷ್ಟವಾದ ಕ್ಲಿಪ್ ಈಗಾಗಲೇ ಎಷ್ಟೋ ವಿಡಿಯೋಗಳಲ್ಲಿ ಬಂದಿರುತ್ತದೆ. ಮೋಡಕ್ಕಾದರೆ ನಾನು ನೇರವಾಗಿ ನಾಸಾ ಕಡೆ ಕಳಿಸುತ್ತೇನೆ. ನಾಸಾ ಸಂಸ್ಥೆ ತಾನೇ ತೆಗೆದ ಚಿತ್ರಗಳಿಗೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯವಿಲ್ಲ. ಕೃಪೆ ಹೇಳಬೇಕು, ಅವರ ಲಾಂಛನ ಬಳಸಬಾರದು, ನಿಮ್ಮ ಸರಕಿಗೆ ಅವರ ಬೆಂಬಲವಿದೆ ಎಂಬಂತೆ ತೋರಿಸಬಾರದು. ಕ್ರಿಯೇಟಿವ್ ಕಾಮನ್ಸ್ ಗುರುತಿರುವ ಕ್ಲಿಪ್ಪಿನಲ್ಲಿ ಅಕ್ಷರಗಳನ್ನು ಓದಿ: 'ಬಿವೈ' ಇದ್ದರೆ ಹೆಸರು ಹಾಕಿ, 'ಎನ್‌ಸಿ' ಇದ್ದರೆ ವ್ಯಾಪಾರಕ್ಕೆ ಬೇಡ, 'ಎನ್‌ಡಿ' ಇದ್ದರೆ ಕತ್ತರಿಸಿ ಜೋಡಿಸುವ ನಮ್ಮಂಥವರಿಗೆ ಅದರಿಂದ ಹೆಚ್ಚು ಕಡಿಮೆ ಉಪಯೋಗವಿಲ್ಲ.

ಹಳೆಯ ಸಿನಿಮಾದ ಆಸೆ ಎಲ್ಲರಿಗೂ ಇರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನಮ್ಮಲ್ಲಿ ಚಲನಚಿತ್ರದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. 1954ರ 'ಬೇಡರ ಕಣ್ಣಪ್ಪ'ನ ಅವಧಿ ಹಾಗಾದರೆ 2014ಕ್ಕೇ ಮುಗಿಯಿತಲ್ಲ ಎನ್ನುತ್ತೀರಿ. ಚಿತ್ರದ ಮಟ್ಟಿಗೆ ಲೆಕ್ಕ ಸರಿ. ಆದರೆ ಅದರೊಳಗಿನ ಸಾಹಿತ್ಯ, ಸಂಗೀತಕ್ಕೆ ಬೇರೆ ಲೆಕ್ಕ: ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ. ಸದ್ದು ತೆಗೆದು ದೃಶ್ಯ ಮಾತ್ರ ಬಳಸುವುದಕ್ಕೂ ಹಾಡಿನ ಸಮೇತ ಬಳಸುವುದಕ್ಕೂ ಬಹಳ ಅಂತರ. ಸ್ವಾತಂತ್ರ್ಯೋತ್ತರ ಭಾರತದ ನಿಜವಾದ ದೃಶ್ಯ ಬೇಕಾದರೆ 1948ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಷನ್‌ನ ಸಂಗ್ರಹವೇ ದೊಡ್ಡ ಗಣಿ. 2022ರಲ್ಲಿ ಅದು ಎನ್‌ಎಫ್‌ಡಿಸಿಯಲ್ಲಿ ವಿಲೀನವಾಯಿತು, ಅಲ್ಲಿ ಅರ್ಜಿ ಹಾಕಿ ಹಣ ಕಟ್ಟಿ ಪಡೆಯಬೇಕು.

ಇಷ್ಟೆಲ್ಲ ಆದ ಮೇಲೆ ತಾಂತ್ರಿಕ ಸಂಗತಿ ಎರಡೇ ಎರಡು. ಒಂದು, ಫ್ರೇಮ್ ಲೆಕ್ಕ. ನಿಮ್ಮ ಟೈಮ್‌ಲೈನ್ ಸೆಕೆಂಡಿಗೆ 25 ಫ್ರೇಮಿನದು, ತಂದ ಕ್ಲಿಪ್ 30ರದು ಎಂದಿರಲಿ. ಸುಮ್ಮನೆ ಎಳೆದು ಹಾಕಿದರೆ ಸಾಫ್ಟ್‌ವೇರ್ ಪ್ರತಿ ಸೆಕೆಂಡಿಗೆ ಐದು ಫ್ರೇಮ್ ಬಿಸಾಡುತ್ತದೆ, ನಡೆಯುವ ಮನುಷ್ಯ ತುಸು ಎಡವುತ್ತ ಹೋದಂತೆ ಕಾಣುತ್ತದೆ. ಅದೇ ಕ್ಲಿಪ್ಪನ್ನು 25ರದೆಂದು ಓದಿಸಿದರೆ ಹತ್ತು ಸೆಕೆಂಡಿನ ದೃಶ್ಯ ಹನ್ನೆರಡಾಗುತ್ತದೆ. ಮೋಡಕ್ಕೆ, ಅಲೆಗೆ ಇದು ಗೊತ್ತೇ ಆಗುವುದಿಲ್ಲ, ಮನುಷ್ಯರ ನಡಿಗೆಯಲ್ಲಿ ಗೊತ್ತಾಗುತ್ತದೆ. 50ರದು ಸಿಕ್ಕರೆ ಅರ್ಧ ವೇಗದ ಚಂದದ ನಿಧಾನ ಚಲನೆ. ಎರಡು, ಅಳತೆ. 3840×2160ರ ಫೋರ್‌ಕೆ ಕ್ಲಿಪ್ಪಿನಿಂದ ಮೊಬೈಲಿಗೆ ಬೇಕಾದ 1080×1920ರ ನಿಂತ ಚೌಕಟ್ಟನ್ನು ಸಲೀಸಾಗಿ ಕತ್ತರಿಸಬಹುದು. ಎಚ್‌ಡಿ ಕ್ಲಿಪ್ಪಿನಿಂದ ಕತ್ತರಿಸಿದರೆ ಹಿಗ್ಗಿಸಬೇಕಾಗುತ್ತದೆ, ಮಸುಕಾಗುತ್ತದೆ.

ಕೊಳ್ಳುವ ಆತುರ ಬೇಡ. ಹಣಕ್ಕೆ ಮಾರುವ ಹೆಚ್ಚಿನ ಸೈಟುಗಳು ವಾಟರ್‌ಮಾರ್ಕ್ ಇರುವ ನಮೂನೆಯನ್ನು ಪುಕ್ಕಟೆ ಕೊಡುತ್ತವೆ. ಅದನ್ನೇ ಹಾಕಿ ಪೂರ್ತಿ ಎಡಿಟ್ ಮಾಡಿ, ರೈತರಿಗೂ ಒಮ್ಮೆ ತೋರಿಸಿ. ಆಸೆಪಟ್ಟು ಹಾಕಿದ ಹತ್ತರಲ್ಲಿ ನಾಲ್ಕು ಉಳಿದರೆ ಹೆಚ್ಚು. ಆ ನಾಲ್ಕಕ್ಕೆ ಮಾತ್ರ ಹಣ ಕೊಟ್ಟು, ನಮೂನೆಯ ಜಾಗದಲ್ಲಿ ಮೂಲ ಫೈಲ್ ಕೂರಿಸಿ. ಕೊಂಡ ದಿನವೇ ರಸೀದಿ, ಕ್ಲಿಪ್ಪಿನ ಸಂಖ್ಯೆ, ಅಂದಿನ ಲೈಸೆನ್ಸ್ ಪುಟದ ಪಿಡಿಎಫ್ ಮೂರನ್ನೂ ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಇಡಿ. ಷರತ್ತುಗಳು ಬದಲಾಗುತ್ತಿರುತ್ತವೆ, ಆಗ ಉಪಯೋಗಕ್ಕೆ ಬರುವುದು ನೀವು ಕೊಂಡ ದಿನದ ಪುಟ. ಯೂಟ್ಯೂಬಿನ ಕಂಟೆಂಟ್ ಐಡಿ ಯಂತ್ರ ಒಂದು ದಿನ ನಿಮ್ಮ ಮೋಡದ ಶಾಟ್ ಬೇರೆಯವರದೆಂದು ಕ್ಲೇಮ್ ಹಾಕಿದರೆ ಗಾಬರಿ ಬೇಡ. ಅದೇ ಕ್ಲಿಪ್ ಕೊಂಡ ಇನ್ನೊಬ್ಬರು ತಮ್ಮ ವಿಡಿಯೋವನ್ನು ಅಲ್ಲಿ ನೋಂದಾಯಿಸಿದಾಗ ಹೀಗಾಗುವುದುಂಟು. ಡಿಸ್ಪ್ಯೂಟ್ ಒತ್ತಿ, ಲೈಸೆನ್ಸಿನ ವಿವರ ಬರೆದು ಕಳಿಸಿ. ಉತ್ತರ ಕೊಡಲು ಕ್ಲೇಮ್ ಹಾಕಿದವರಿಗೆ 30 ದಿನ ಇರುತ್ತದೆ.