ವಸ್ತುಪ್ರದರ್ಶನದಲ್ಲಿ ಮಳಿಗೆಯನ್ನು ಆರಿಸಿಕೊಳ್ಳುವ ಕ್ರಮ
(ರೈತಸಂಘಗಳಿಗೂ ಗ್ರಾಮ ಕೈಗಾರಿಕೆಗಳವರಿಗೂ ಸೂಚನೆಗಳು)

ಹೊಲದಲ್ಲಿ ಬೆಳೆದ ಒಳ್ಳೆಯ ಪದಾರ್ಥವು ಹತ್ತು ಜನರ ಕಣ್ಣಿಗೆ ಬೀಳದಿದ್ದರೆ ಅದಕ್ಕೆ ತಕ್ಕ ಬೆಲೆ ಬರುವುದು ದುರ್ಲಭ. ಈ ಕಾರಣದಿಂದಲೇ ಜಾತ್ರೆ, ದನಗಳ ಪರಿಷೆ, ವಸ್ತುಪ್ರದರ್ಶನಗಳು ರೈತನಿಗೆ ಬಹು ಉಪಕಾರಿಗಳಾಗಿವೆ. ಮೈಸೂರಿನಲ್ಲಿ 1907ರಲ್ಲಿ ದಸರಾ ಸಮಯದಲ್ಲಿ ಕೈಗಾರಿಕೆ ಮತ್ತು ವ್ಯವಸಾಯದ ಪ್ರದರ್ಶನವು ನಡೆಯಿತು. ದಸರೆಗೆ ಬಂದ ಜನರು ವಸ್ತುಪ್ರದರ್ಶನವನ್ನೂ ನೋಡಿ ಹೋಗುವ ವಾಡಿಕೆ ಇಂದಿಗೂ ಉಳಿದಿದೆ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಜರುಗುವ ಕೃಷಿ ಮೇಳಕ್ಕೆ ದೂರದ ಜಿಲ್ಲೆಗಳ ಒಕ್ಕಲಿಗರೂ ಬರುತ್ತಾರೆ.

ಆದರೆ ಇಂತಹ ಸ್ಥಳಗಳಲ್ಲಿ ಮಳಿಗೆಯನ್ನು ಹಿಡಿದವರೆಲ್ಲರೂ ಲಾಭವನ್ನೇ ಹೊಂದುವರೆಂದು ತಿಳಿಯಲಾಗದು. ಸಂಘದ ಸದಸ್ಯರು ಒಂದೊಂದು ರೂಪಾಯಿಯಾಗಿ ಕೂಡಿಸಿದ ಹಣವು ನಾಲ್ಕು ದಿನಗಳಲ್ಲಿ ಬಾಡಿಗೆಗೂ ಬಟ್ಟೆಯ ತೋರಣಗಳಿಗೂ ಖರ್ಚಾಗಿ, ತಂದ ಸರಕು ತಂದಂತೆಯೇ ಊರಿಗೆ ಹಿಂದಿರುಗುವುದೂ ಉಂಟು. ಒಮ್ಮೆ ಹೀಗಾದರೆ ಸದಸ್ಯರಿಗೆ ಸಂಘದಲ್ಲಿಯೇ ನಂಬಿಕೆ ಕುಗ್ಗುವುದು. ಆದುದರಿಂದ ಮಳಿಗೆಯನ್ನು ಆರಿಸಿಕೊಳ್ಳುವ ವಿಷಯವನ್ನು ಬೀಜವನ್ನು ಆರಿಸಿಕೊಳ್ಳುವಷ್ಟೇ ಎಚ್ಚರಿಕೆಯಿಂದ ನೋಡತಕ್ಕದ್ದು.

1. ಮೊದಲು ಉದ್ದೇಶವನ್ನು ಗೊತ್ತುಮಾಡಿಕೊಳ್ಳುವುದು

ಮಳಿಗೆಯಿಂದ ಸಾಧಿಸಬೇಕಾದುದು ಏನೆಂಬುದನ್ನು ಸಂಘದ ಸಭೆಯಲ್ಲಿ ಮುಂಚಿತವಾಗಿ ನಿಶ್ಚಯಿಸಬೇಕು. ಉದ್ದೇಶಗಳು ಸಾಮಾನ್ಯವಾಗಿ ಮೂರು ವಿಧ. ಸರಕನ್ನು ಅಲ್ಲಿಯೇ ಮಾರುವುದು ಒಂದು. ವರ್ತಕರಿಂದ ಮುಂದಿನ ದಿನಗಳಿಗೆ ಬೇಡಿಕೆಯನ್ನು ಪಡೆಯುವುದು ಎರಡು. ಹೊಸ ತಳಿಯನ್ನಾಗಲಿ ಉಪಕರಣವನ್ನಾಗಲಿ ಜನರಿಗೆ ತೋರಿಸಿ ತಿಳಿಯಪಡಿಸುವುದು ಮೂರು. ಮಾರುವವನಿಗೆ ಜನರು ಬಂದು ಹೋಗುವ ದಾರಿ ಮುಖ್ಯ. ವರ್ತಕರೊಡನೆ ಮಾತನಾಡುವವನಿಗೆ ನಾಲ್ಕು ಕುರ್ಚಿಗಳನ್ನು ಹಾಕುವಷ್ಟು ನಿಶ್ಶಬ್ದವಾದ ಜಾಗ ಮುಖ್ಯ. ತಿಳಿಯಪಡಿಸುವವನಿಗೆ ಜನರು ಸುತ್ತ ನಿಲ್ಲುವ ಬಯಲು ಮುಖ್ಯ. ಒಂದೇ ಸಣ್ಣ ಮಳಿಗೆಯಲ್ಲಿ ಮೂರನ್ನೂ ಮಾಡಹೊರಟರೆ ಯಾವುದೊಂದೂ ನೆರವೇರದು.

2. ಮಳಿಗೆಗಳ ನಾಲ್ಕು ವಿಧಗಳು

ತೆರೆದಿರುವ ಮುಖಗಳನ್ನು ಅನುಸರಿಸಿ ಮಳಿಗೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಸಾಲುಮಳಿಗೆ: ಎರಡು ಪಕ್ಕಗಳಲ್ಲಿಯೂ ನೆರೆಯ ಮಳಿಗೆಗಳಿದ್ದು, ಮುಂದೆ ಮಾತ್ರ ತೆರೆದಿರುವುದು. ಬಾಡಿಗೆ ಕಡಿಮೆ. ಮೂರು ಗೋಡೆಗಳು ದೊರೆಯುವುದರಿಂದ ಚಿತ್ರಪಟಗಳನ್ನೂ ತೆನೆಗಳ ಗೊಂಚಲುಗಳನ್ನೂ ತೂಗುಹಾಕಲು ಅನುಕೂಲ. ಮೊದಲ ಸಲ ಬರುವ ಸಂಘಗಳಿಗೆ ಇದೇ ಉಚಿತವಾದುದು.

ಮೂಲೆಮಳಿಗೆ: ಎರಡು ದಾರಿಗಳು ಕೂಡುವಲ್ಲಿದ್ದು ಎರಡು ಕಡೆ ತೆರೆದಿರುವುದು. ಎರಡು ದಾರಿಗಳ ಜನರೂ ಕಾಣುವುದರಿಂದ ಬಿಡಿ ಮಾರಾಟಕ್ಕೆ ಉತ್ತಮ. ಆದರೆ ಇಬ್ಬರಾದರೂ ಸದಾ ನಿಂತಿರಬೇಕು; ಇಲ್ಲವಾದರೆ ಒಂದು ಕಡೆ ಮಾತನಾಡುತ್ತಿರುವಾಗ ಇನ್ನೊಂದು ಕಡೆಯ ಸರಕಿಗೆ ಕಾವಲಿರದು.

ಮೂರು ಮುಖದ ಮಳಿಗೆ: ಸಾಲಿನ ತುದಿಯಲ್ಲಿದ್ದು ಹಿಂದೆ ಮಾತ್ರ ಗೋಡೆಯುಳ್ಳದ್ದು. ಹಿಂದಿನ ಗೋಡೆಗೆ ನಕ್ಷೆಗಳನ್ನು ಹಾಕಿ, ಮುಂದೆ ಉಪಕರಣವನ್ನು ನಿಲ್ಲಿಸಿ ವಿವರಿಸುವವರಿಗೆ ಇದು ಒಪ್ಪುವುದು.

ದ್ವೀಪಮಳಿಗೆ: ನಾಲ್ಕು ಕಡೆಗಳಲ್ಲಿಯೂ ದಾರಿಯುಳ್ಳದ್ದು. ನೋಡಲು ವೈಭವವಾದುದಾದರೂ ಗೋಡೆಗಳಿಲ್ಲದ ಕಾರಣ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಆಳುಗಳೂ ಹೆಚ್ಚು ಬೇಕು. ದೊಡ್ಡ ಯಂತ್ರಗಳನ್ನು ತರುವವರು, ಸರ್ಕಾರದ ಇಲಾಖೆಗಳು, ಅನೇಕ ಸಂಘಗಳು ಕೂಡಿದ ಒಕ್ಕೂಟಗಳು ಇವರ ಹೊರತು ಇತರರು ಇದಕ್ಕೆ ಕೈಹಾಕದಿರುವುದು ಲೇಸು.

3. ಕಟ್ಟಡದ ವಿಷಯ

ಕೆಲವೆಡೆ ಗೋಡೆ, ಮೇಲ್ಕಟ್ಟು, ಮೇಜು, ದೀಪಗಳೊಡನೆ ಸಿದ್ಧವಾದ ಮಳಿಗೆಯನ್ನೇ ಕೊಡುತ್ತಾರೆ. ಕೆಲವೆಡೆ ಬರಿಯ ನೆಲವನ್ನು ಅಳೆದುಕೊಡುತ್ತಾರೆ. ಬರಿಯ ನೆಲದ ಬಾಡಿಗೆ ಕಡಿಮೆಯೆಂದು ಹಿಗ್ಗಬಾರದು. ಗಳು, ತಗಡು, ಬಟ್ಟೆ, ಬಡಗಿಯ ಕೂಲಿ, ಬಿಚ್ಚಿ ಸಾಗಿಸುವ ಖರ್ಚು ಇವೆಲ್ಲವನ್ನೂ ಕೂಡಿಸಿದರೆ ಸಿದ್ಧಮಳಿಗೆಯೇ ಅಗ್ಗವಾಗಬಹುದು. ವರ್ಷಕ್ಕೆ ಮೂರು ನಾಲ್ಕು ಕಡೆಗೆ ಹೋಗುವ ಸಂಘವು ಮಡಿಸಿ ಒಯ್ಯಬಹುದಾದ ಚೌಕಟ್ಟುಗಳನ್ನೂ ಹಲಗೆಗಳನ್ನೂ ಒಮ್ಮೆ ಮಾಡಿಸಿಟ್ಟುಕೊಂಡರೆ ಪ್ರತಿಸಲವೂ ಆಗುವ ವೆಚ್ಚ ಉಳಿಯುವುದು.

ಘಾಟಿ ಸುಬ್ರಹ್ಮಣ್ಯ, ಚುಂಚನಕಟ್ಟೆ ಮುಂತಾದ ದನಗಳ ಜಾತ್ರೆಗಳಲ್ಲಿ ಕಟ್ಟಿದ ಮಳಿಗೆಗಿಂತ ಗಾಡಿಯ ಮೇಲಿನ ಮಳಿಗೆಯೇ ಮೇಲು. ಅಲ್ಲಿ ರೈತನು ತನ್ನ ಎತ್ತುಗಳನ್ನು ಬಿಟ್ಟು ದೂರ ಬರಲಾರನು. ಆತನಿರುವ ಕಡೆಗೆ ಮಳಿಗೆಯೇ ಹೋಗಬೇಕು.

4. ತೋರಿಸುವ ಪದಾರ್ಥಕ್ಕೆ ತಕ್ಕ ಮಳಿಗೆ

ಯಂತ್ರವನ್ನು ನಿಶ್ಚಲವಾಗಿ ನಿಲ್ಲಿಸಿದರೆ ಅದರ ಗುಣವು ತಿಳಿಯದು. ಇದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 1851ರಲ್ಲಿ ಲಂಡನ್ ನಗರದ ಮಹಾಪ್ರದರ್ಶನಕ್ಕೆ ಅಮೆರಿಕದ ಸೈರಸ್ ಮೆಕಾರ್ಮಿಕ್ ಎಂಬುವನು ತನ್ನ ಕೊಯ್ಲಿನ ಯಂತ್ರವನ್ನು ಕಳುಹಿಸಿದನು. ಪ್ರದರ್ಶನದ ಮಂದಿರದಲ್ಲಿ ನಿಂತಿದ್ದ ಆ ವಿಚಿತ್ರಾಕಾರವನ್ನು ಕಂಡು ಪತ್ರಿಕೆಯವರು ಪರಿಹಾಸ್ಯ ಮಾಡಿದರು. ಆ ವರ್ಷದ ಜುಲೈ ತಿಂಗಳಲ್ಲಿ ಎಸೆಕ್ಸ್ ಸೀಮೆಯ ಟಿಪ್‌ಟ್ರೀ ಎಂಬಲ್ಲಿನ ಹೊಲದಲ್ಲಿ ಅದನ್ನು ನಡೆಸಿ ನೋಡಿದಾಗ, ಪೈರು ತೇವವಾಗಿದ್ದರೂ ಯಂತ್ರವು ಚೆನ್ನಾಗಿ ಕೊಯ್ದಿತು. ನಕ್ಕವರೇ ಹೊಗಳಿದರು, ಪ್ರದರ್ಶನದ ಉನ್ನತ ಪದಕವೂ ಅದಕ್ಕೆ ದೊರೆಯಿತು. ಯಂತ್ರವು ಅದೇ, ತೋರಿಸಿದ ಸ್ಥಳ ಮಾತ್ರ ಬೇರೆ. ಆದಕಾರಣ ನೇಗಿಲು, ಕೂರಿಗೆ, ಕಳೆ ತೆಗೆಯುವ ಯಂತ್ರ ಇವುಗಳನ್ನು ತರುವವರು ಒಳಗಿನ ಅಲಂಕೃತ ಮಳಿಗೆಗಿಂತ ಹೊರಗಿನ ನಾಲ್ಕು ಗುಂಟೆ ಮಣ್ಣನ್ನು ಕೇಳಿ ಪಡೆಯುವುದು ವಿವೇಕ.

ಪೈರನ್ನು ತೋರಿಸುವವರು ಕಾಲವನ್ನು ಎಣಿಸಬೇಕು. ದಸರಾ ಕಾಲದಲ್ಲಿ ಮುಂಗಾರಿನ ರಾಗಿಯು ಹೊಲದಲ್ಲಿ ಇನ್ನೂ ಹಸುರಾಗಿರುವುದು. ಕೊಯ್ಲು ನವೆಂಬರ್, ಡಿಸೆಂಬರ್ ತಿಂಗಳುಗಳಿಗೆ ಬರುವುದು. ಮಾಗಿದ ತೆನೆಯ ಗಿಡವನ್ನೇ ತೋರಿಸಬೇಕಾದರೆ, ಸುಮಾರು 110 ದಿನಗಳ ತಳಿಯನ್ನು ಅಷ್ಟು ದಿನ ಮುಂಚಿತವಾಗಿ ಕುಂಡಗಳಲ್ಲಿ ಬಿತ್ತಿರಬೇಕು. ಜೀವಂತ ಗಿಡಗಳಿಗೆ ಬೆಳಕು ಬೇಕು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನವನ್ನು ಗಾಜಿನ ಮನೆಯಲ್ಲಿ ನಡೆಸುವುದರ ಅನುಕೂಲವೂ ಇದೇ. ಒಳಮೂಲೆಯ ಕತ್ತಲೆಯಲ್ಲಿ ಗಿಡಗಳನ್ನಿಟ್ಟರೆ ಮೂರನೆಯ ದಿನಕ್ಕೆ ಬಾಡುವುವು.

ಬೆಲ್ಲ, ಜೇನು, ಹುರಿಹಿಟ್ಟು ಮುಂತಾದುವಕ್ಕೆ ನೆರಳೂ ಧೂಳಿಲ್ಲದ ಜಾಗವೂ ಬೇಕು. ಬೆಲ್ಲವು ಗಾಳಿಯ ತೇವವನ್ನು ಹೀರಿ ಬೇಗ ನೀರೊಡೆಯುವುದರಿಂದ ಹೊರಗೆ ಕೊಂಚವೇ ಇಟ್ಟು ಉಳಿದುದನ್ನು ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಬಿತ್ತನೆಯ ಬೀಜದ ಮೂಟೆಗಳನ್ನು ನೆಲಕ್ಕೆ ತಾಕಿಸದೆ ಹಲಗೆಯ ಮೇಲೆ ಜೋಡಿಸಬೇಕು. ಒಂದು ರಾತ್ರಿ ನೆನೆದ ಬೀಜವನ್ನು ಕೊಂಡ ರೈತನು ಮಳಿಗೆಯನ್ನು ದೂರುವುದಿಲ್ಲ, ತಳಿಯನ್ನೇ ದೂರುವನು.

5. ಮಳಿಗೆಯ ಅಳತೆ

ಅಳತೆಯನ್ನು ಸರಕಿನ ರಾಶಿಯಿಂದ ಎಣಿಸದೆ, ಮಾತನಾಡಿಸಬಹುದಾದ ಜನರ ಲೆಕ್ಕದಿಂದ ಎಣಿಸಬೇಕು. 10 ಅಡಿ ಉದ್ದ 10 ಅಡಿ ಅಗಲದ ಮಳಿಗೆಯಲ್ಲಿ 100 ಚದರಡಿ ಇದ್ದರೂ ಮೇಜು, ಕಪಾಟು, ದಾಸ್ತಾನುಗಳಿಗೆ 40 ಚದರಡಿ ಹೋದರೆ ಉಳಿಯುವುದು 60 ಮಾತ್ರ. ಅದರಲ್ಲಿ ಇಬ್ಬರು ಮಾರಾಟಗಾರರೂ ನಾಲ್ಕೈದು ಗಿರಾಕಿಗಳೂ ನಿಂತರೆ ಜಾಗ ತುಂಬುವುದು. ಮೇಜನ್ನು ಮುಂಭಾಗಕ್ಕೆ ಅಡ್ಡಲಾಗಿ ಇಡುವ ವಾಡಿಕೆಯೂ ಸರಿಯಲ್ಲ. ಅದು ಒಳಬರುವವರಿಗೆ ಬೇಲಿಯಂತಾಗುವುದು. ಪಕ್ಕದ ಗೋಡೆಗೆ ಸೇರಿಸಿಟ್ಟರೆ ಜನರು ನಿಸ್ಸಂಕೋಚವಾಗಿ ಒಳಗೆ ಬರುವರು.

6. ಖರ್ಚಿನ ಲೆಕ್ಕ

ರಾಗಿ ಹುರಿಹಿಟ್ಟನ್ನು ಮಾಡುವ ಹೆಂಗಸರ ಸಂಘವೊಂದು ನಾಲ್ಕು ದಿನಗಳ ಪ್ರದರ್ಶನಕ್ಕೆ ಹೋಗುವುದೆಂದು ಭಾವಿಸೋಣ. ಒಬ್ಬ ಗಿರಾಕಿಗೆ 3 ನಿಮಿಷ ಹಿಡಿದರೆ, ಒಬ್ಬಳು ಗಂಟೆಗೆ 20 ಜನರನ್ನು ವಿಚಾರಿಸಬಲ್ಲಳು. ಇಬ್ಬರು ದಿನಕ್ಕೆ 6 ಗಂಟೆಗಳಂತೆ ನಾಲ್ಕು ದಿನಗಳಲ್ಲಿ 960 ಜನರನ್ನು ವಿಚಾರಿಸುವರು. ಪ್ರತಿಯೊಬ್ಬರೂ ಒಂದೊಂದು ಪೊಟ್ಟಣವನ್ನು ಕೊಂಡು, ಪೊಟ್ಟಣಕ್ಕೆ 15 ರೂಪಾಯಿ ಉಳಿದರೆ ದೊರೆಯುವುದು 14,400 ರೂಪಾಯಿ. ಇದಕ್ಕಿಂತ ಹೆಚ್ಚು ಬರುವ ಸಂಭವವಿಲ್ಲ.

ಸಾಗಾಟ, ಊಟ, ಅಲಂಕಾರಗಳಿಗೆ 5,000 ರೂಪಾಯಿ ಆಗುವುದೆಂದು ಇಟ್ಟುಕೊಂಡರೆ, 6,000 ರೂಪಾಯಿ ಬಾಡಿಗೆಯ ಸಾಲುಮಳಿಗೆಯಲ್ಲಿ ಒಟ್ಟು ಖರ್ಚು 11,000, ಉಳಿತಾಯ 3,400. ಬಾಡಿಗೆಯು 9,000 ರೂಪಾಯಿ ಇರುವ ಮೂಲೆಮಳಿಗೆಯನ್ನು ಅದೇ ಇಬ್ಬರೊಡನೆ ಹಿಡಿದರೆ ಉಳಿತಾಯ ಕೇವಲ 400. ಮೂರನೆಯವಳೊಬ್ಬಳನ್ನು 2,000 ರೂಪಾಯಿ ಖರ್ಚಿನಿಂದ ಸೇರಿಸಿದರೆ 1,440 ಜನರನ್ನು ವಿಚಾರಿಸಬಹುದು. ಆಗ 21,600 ರೂಪಾಯಿ ಬಂದು, 16,000 ಖರ್ಚಾಗಿ, 5,600 ಉಳಿಯುವುದು. ಎಂದರೆ ದೊಡ್ಡ ಮಳಿಗೆಯು ತಾನಾಗಿಯೇ ಲಾಭವನ್ನು ತರದು; ಅದರೊಡನೆ ಆಳೂ ಸರಕೂ ಬೆಳೆಯಬೇಕು.

ಬಂದವರೆಲ್ಲರೂ ಕೊಳ್ಳುವುದಿಲ್ಲವೆಂಬುದನ್ನೂ ಮರೆಯಬಾರದು. ಅರ್ಧದಷ್ಟು ಜನರೇ ಕೊಂಡರೆ ಸಾಲುಮಳಿಗೆಯಲ್ಲಿಯೂ 3,800 ರೂಪಾಯಿ ನಷ್ಟವಾಗುವುದು. ಇಂತಹ ಸಂದೇಹವಿರುವ ಸಂಘವು ಹತ್ತಿರದ ಜಾತ್ರೆಯಲ್ಲಿ ಮೊದಲು ಮಾರಿ ನೋಡುವುದು, ಇಲ್ಲವೆ ಬಿಡಿ ಮಾರಾಟಕ್ಕಿಂತ ಅಂಗಡಿಯವರ ಬೇಡಿಕೆಯನ್ನು ಪಡೆಯುವುದರ ಮೇಲೆ ಗಮನವಿಡುವುದು ವಿಹಿತ. ಬಾಡಿಗೆಯ ದರವು ಸ್ಥಳದಿಂದ ಸ್ಥಳಕ್ಕೆ ಬೇರೆಯಾಗುವುದರಿಂದ, ಪ್ರತಿಯೊಂದು ಸಂಘವೂ ತನ್ನ ಅಂಕೆಗಳನ್ನು ಹಾಕಿ ಇದೇ ಕ್ರಮದಲ್ಲಿ ಲೆಕ್ಕ ಮಾಡಿಕೊಳ್ಳಬೇಕು.

7. ಸ್ಥಳವೂ ಅಪಾಯದ ನಿವಾರಣೆಯೂ

ನಕ್ಷೆಯನ್ನು ನೋಡಿ ಹಣ ಕಟ್ಟುವುದಕ್ಕಿಂತ ಒಬ್ಬರು ಹೋಗಿ ನೆಲವನ್ನು ನೋಡಿಬರುವುದು ಮೇಲು. ಹೆಬ್ಬಾಗಿಲಿಗೆ ತೀರ ಸಮೀಪದಲ್ಲಿದ್ದರೆ ಜನರು ನಿಲ್ಲದೆ ಒಳಕ್ಕೆ ನುಗ್ಗುವರು. ತೀರ ಹಿಂದೆ ಇದ್ದರೆ ದಣಿದು ಬರುವರು. ಧ್ವನಿವರ್ಧಕದ ಪಕ್ಕದಲ್ಲಿ ವಿವರಣೆ ಕೇಳಿಸದು. ಅಕ್ಟೋಬರ್ ತಿಂಗಳಲ್ಲಿ ಹಿಂಗಾರು ಮಳೆಯ ಭಯವಿರುವುದರಿಂದ ತಗ್ಗಿನ ಜಾಗವನ್ನು ಬಿಡಬೇಕು. ಮಧ್ಯಾಹ್ನದ ಮೇಲೆ ಬಿಸಿಲು ಪಶ್ಚಿಮದಿಂದ ಹೊಡೆಯುವುದನ್ನೂ ಗಮನಿಸಬೇಕು.

ಬೆಂಕಿಯ ವಿಷಯದಲ್ಲಿ ಉದಾಸೀನ ಸಲ್ಲದು. 1851ರ ಪ್ರದರ್ಶನಕ್ಕಾಗಿ ಕಬ್ಬಿಣ, ಗಾಜುಗಳಿಂದ ನಿರ್ಮಿಸಿ, ಅನಂತರ ಸಿಡ್‌ನಮ್ ಎಂಬಲ್ಲಿಗೆ ಸಾಗಿಸಿ ಕಟ್ಟಿದ್ದ ಸ್ಫಟಿಕ ಮಂದಿರವೇ 1936ರಲ್ಲಿ ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತು. ಗರಿ, ಬಟ್ಟೆ, ಗೋಣಿಗಳ ಮಳಿಗೆಯ ಗತಿಯನ್ನು ಹೇಳಬೇಕೇ? ಸಡಿಲವಾದ ವಿದ್ಯುತ್ ತಂತಿಗಳನ್ನು ಬಟ್ಟೆಯೊಳಗೆ ಎಳೆಯಬಾರದು. ಒಲೆಯನ್ನು ಮಳಿಗೆಯೊಳಗೆ ಹೊತ್ತಿಸಬಾರದು. ಎರಡು ಬಕೆಟ್ ಮರಳನ್ನು ತಪ್ಪದೆ ಇಟ್ಟಿರಬೇಕು. ವಿದ್ಯುತ್ತಿನ ಬೆಂಕಿಗೆ ನೀರನ್ನು ಹಾಕಕೂಡದು.

8. ಸಾರಾಂಶ

(1) ಉದ್ದೇಶವನ್ನು ನಿಶ್ಚಯಿಸಿದ ಮೇಲೆಯೇ ಮಳಿಗೆಯನ್ನು ಕೇಳಿರಿ.
(2) ಮೊದಲ ಸಲ ಸಾಲುಮಳಿಗೆಯೇ ಸಾಕು.
(3) ಯಂತ್ರಗಳಿಗೆ ಬಯಲು, ಗಿಡಗಳಿಗೆ ಬೆಳಕು, ಬೀಜಕ್ಕೂ ಬೆಲ್ಲಕ್ಕೂ ಒಣಜಾಗ ಇವು ಅವಶ್ಯ.
(4) ಬಾಡಿಗೆಯನ್ನಷ್ಟೇ ಅಲ್ಲದೆ ಎಲ್ಲ ಖರ್ಚನ್ನೂ ಮುಂಚಿತವಾಗಿ ಬರೆಯಿರಿ.
(5) ತಿಳಿದು ಮಾತನಾಡಬಲ್ಲವರನ್ನೇ ಮಳಿಗೆಯಲ್ಲಿ ನಿಲ್ಲಿಸಿರಿ.
(6) ವಿಚಾರಿಸಿದವರ ಹೆಸರು, ಊರು, ಬೇಡಿಕೆಗಳನ್ನು ಪುಸ್ತಕದಲ್ಲಿ ಬರೆದು, ಹದಿನೈದು ದಿನಗಳೊಳಗೆ ಅವರಿಗೆ ಉತ್ತರ ಕೊಡಿರಿ.

ಪ್ರದರ್ಶನವು ಮುಗಿದ ಮೇಲೆ ತೋರಣಗಳನ್ನು ಯಾರೂ ನೆನೆಯುವುದಿಲ್ಲ. ಕೊಂಡುಹೋದ ಬೀಜವು ಮೊಳೆತರೆ ಅದನ್ನು ಕೊಟ್ಟವರನ್ನು ರೈತನು ನೆನೆಯುವನು. ಮುಂದಿನ ವರ್ಷ ಅವರ ಮಳಿಗೆಯು ಯಾವ ಸಾಲಿನಲ್ಲಿದ್ದರೂ ಹುಡುಕಿಕೊಂಡು ಬರುವನು.