ಶೇ. 10ರ ನಿಯಮಕ್ಕೆ ಹೊಳೆಮೀನಿನ ಮರಿಯ ಉದಾಹರಣೆ

10ನೇ ತರಗತಿಯ ‘ನಮ್ಮ ಪರಿಸರ’ ಘಟಕದಲ್ಲಿ ಶಕ್ತಿಯ ಹರಿವನ್ನು ಬೋಧಿಸುವಾಗ ಶೇ. 10ರ ನಿಯಮವನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಉಳಿದ ಶೇ. 90 ಎಲ್ಲಿ ಹೋಯಿತು ಎಂದರೆ ‘ಶಾಖವಾಗಿ ಹೋಯ್ತು ಮಿಸ್’ ಎಂಬ ಉತ್ತರ ಬರುತ್ತದೆ. ಆ ಶಕ್ತಿಯಿಂದ ಜೀವಿ ಮೊದಲು ಏನು ಮಾಡಿತು ಎಂಬುದು ಅವರಿಗೆ ಕಾಣುವುದಿಲ್ಲ. ಹುಣಸೂರು ತಾಲ್ಲೂಕಿನ ಪ್ರೌಢಶಾಲೆಯೊಂದರ ಅಭ್ಯಾಸ ಬೋಧನೆಯಲ್ಲಿ ಇದಕ್ಕಾಗಿ ಲಕ್ಷ್ಮಣತೀರ್ಥ ಹೊಳೆಯ ಮೀನಿನ ಮರಿಯನ್ನು ತೆಗೆದುಕೊಂಡೆ.

ಪೀಠಿಕಾ ಪ್ರಶ್ನೆ: ಒಂದೇ ಜಾತಿಯ ಎರಡು ಮರಿಗಳಲ್ಲಿ ಒಂದು ಕೆರೆಯಲ್ಲಿ, ಇನ್ನೊಂದು ಹೊಳೆಯಲ್ಲಿ ಬೆಳೆದರೆ ಯಾವುದು ಬೇಗ ದಪ್ಪವಾಗುತ್ತದೆ? ಹೆಚ್ಚಿನವರು ಕೆರೆಯದು ಎಂದರು; ಹೊಳೆಯಲ್ಲಿ ಈಜಿ ಈಜಿ ಸುಸ್ತಾಗುತ್ತದಂತೆ. ಆದರೆ ಮನೆಯಲ್ಲಿ ಬಲೆ ಬೀಸುವವರಿರುವ ಹುಡುಗಿಯೊಬ್ಬಳು, ‘ಮರಿ ಈಜಲ್ಲ ಮಿಸ್, ಕಲ್ಲಿನ ಹಿಂದೆ ನಿಂತಿರುತ್ತೆ. ತಿನ್ನೋದು ನೀರಲ್ಲೇ ತೇಲಿ ಬರುತ್ತೆ’ ಎಂದಳು. ನನ್ನ ಪಾಠಯೋಜನೆಯ ಮೂರನೇ ಹಂತವನ್ನು ಅವಳೇ ಹೇಳಿಬಿಟ್ಟಳು.

ಇದನ್ನು ಚೆನ್ನಾಗಿ ಅಧ್ಯಯನ ಮಾಡಿರುವುದು ಸಾಲ್ಮನ್ ಮೀನಿನಲ್ಲಿ. ಅಟ್ಲಾಂಟಿಕ್ ಸಾಲ್ಮನ್ ಮರಿ ಸಮುದ್ರಕ್ಕೆ ಇಳಿಯುವ ಮೊದಲು ಒಂದರಿಂದ ಕೆಲವು ವರ್ಷ ನದಿಯಲ್ಲೇ ಇರುತ್ತದೆ. ಕಲ್ಲಿನ ಮರೆಯಲ್ಲಿ ನಿಂತು, ಹರಿದುಬರುವ ಕೀಟವನ್ನು ಥಟ್ಟನೆ ಹಿಡಿದು ಮತ್ತೆ ಮರೆಗೆ ಬರುತ್ತದೆ. ಕಲ್ಲಿಲ್ಲದ ಕಡೆ ಅದೇ ಆಹಾರದ ಹೆಚ್ಚು ಪಾಲು ಈಜಿಗೇ ಖರ್ಚು. ಉಳಿದದ್ದರಲ್ಲಿ ಉದ್ದ ಬೆಳೆಯಬೇಕೆ, ಕೊಬ್ಬು ಕೂಡಿಡಬೇಕೆ? ಉದ್ದವಾದರೆ ದೊಡ್ಡ ಮೀನಿನ ಬಾಯಿಯಿಂದ ಪಾರು. ಕೊಬ್ಬಿದ್ದರೆ ಆಹಾರ ಕಡಿಮೆಯಾಗುವ ಚಳಿಗಾಲಕ್ಕೆ ಬುತ್ತಿ. 1 ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕಿಲೋಕ್ಯಾಲೊರಿ, ಪ್ರೋಟೀನಿನಲ್ಲಿ 4.

ಕೊಬ್ಬಿನ ಗುಣವೂ ಆಹಾರದಂತೆಯೇ. ಕಲ್ಲಿನ ಮೇಲಿನ ಡಯಾಟಮ್ ಪಾಚಿಯಲ್ಲಿರುವ ಒಮೆಗಾ-3 ಕೊಬ್ಬಿನಾಮ್ಲ ಅದನ್ನು ತಿಂದ ನೀರುಕೀಟದ ಮೂಲಕ ಮೀನಿಗೆ ಬರುತ್ತದೆ. ಆಹಾರ ಸರಪಳಿಯನ್ನು ಬರೀ ಬಾಣದ ಗುರುತಿನಲ್ಲಿ ತೋರಿಸುವುದಕ್ಕಿಂತ ಇದು ಮೇಲು ಎಂದು ನನ್ನ ಅನಿಸಿಕೆ.

ಚಟುವಟಿಕೆಗೆ ಕಪ್ಪುಹಲಗೆಯ ಮೇಲೆ 20 ಸೆಂ.ಮೀ. ಉದ್ದದ ಎರಡು ಮೀನು ಬರೆದೆ (ನಿಜವಾದ ಮೀನು ತಂದಿದ್ದರೆ ಮುಂದಿನ ಅವಧಿಯ ಶಿಕ್ಷಕರು ಬಿಡುತ್ತಿರಲಿಲ್ಲ). ಒಂದರ ತೂಕ 80 ಗ್ರಾಂ, ಇನ್ನೊಂದರದು 100. ತೂಕವನ್ನು 100ರಿಂದ ಗುಣಿಸಿ ಉದ್ದದ ಘನದಿಂದ ಭಾಗಿಸಿದರೆ 1.0 ಮತ್ತು 1.25. ಎರಡನೆಯದು ಹೆಚ್ಚು ಪುಷ್ಟ ಎಂದು ಎಲ್ಲರೂ ಒಪ್ಪಿದರು. ಇಲ್ಲೊಂದು ತೊಡಕಿದೆ: ಮೀನಿನ ಕೊಬ್ಬು ಕರಗಿದಾಗ ಆ ಜಾಗಕ್ಕೆ ಬಹುಪಾಲು ನೀರು ಸೇರುತ್ತದೆ. ತೂಕ ಅಷ್ಟಾಗಿ ಇಳಿಯದೆಯೇ ಬುತ್ತಿ ಖಾಲಿಯಾಗಿರಬಹುದು. ವೀಕ್ಷಕ ಉಪನ್ಯಾಸಕರು ಈ ಅಂಶವನ್ನು ಬಿಡಬಹುದಿತ್ತು ಎಂದರು. ನಾನು ಉಳಿಸಿಕೊಳ್ಳುತ್ತೇನೆ, ಅಳತೆಯೊಂದು ಏನನ್ನು ಹೇಳುವುದಿಲ್ಲ ಎಂಬುದೂ ಕಲಿಕಾಂಶವೇ.

ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಹಾಗಾದ್ರೆ ಹೊಳೆಯ ಮರಳು, ಕಲ್ಲು ತೆಗೆದ್ರೆ?’ ಎಂದು ಕೇಳಿದ. ಕಾವೇರಿ ಕಣಿವೆಯಲ್ಲಷ್ಟೇ ಇರುವ ಡುಬ್ಬದ ಮಹಶೀರ್ ಮೀನನ್ನು 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಿಸಿದ್ದನ್ನು ಹೇಳಿದೆ. ಮನೆಗೆಲಸವಾಗಿ, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ನೆಂಟರಿರುವವರು ಅಲ್ಲಿನ ಕಾವೇರಿ, ಕಬಿನಿಯ ತಳದಲ್ಲಿ ಎಲ್ಲಿ ಕಲ್ಲು, ಎಲ್ಲಿ ಮರಳು, ಎಲ್ಲಿ ಹೂಳು ಎಂದು ಹಿರಿಯರನ್ನು ಕೇಳಿ ಬರೆದುತರಬೇಕು.