ಗೇಮಿಗೆ ಏರಬೇಕೆ, ಕೆಳಗೆ ನಿಲ್ಲಬೇಕೆ?

ಮಳೆ ಹಿಡಿದು ಬೋರ್ಡೋ ದ್ರಾವಣ ಹೊಡೆಯಲೂ ಬಿಡುವು ಕೊಡದ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಇಸ್ಪೀಟು ಹೊರಬರುವುದು ಹೊಸತೇನಲ್ಲ. ಇಪ್ಪತ್ತೆಂಟು ಆಡಬಲ್ಲ ಸದಸ್ಯರಿಗೆ ಬ್ರಿಜ್ ಕಲಿಯುವುದು ಕಷ್ಟವಲ್ಲ. ಎದುರು ಕುಳಿತ ಜೊತೆಗಾರ, ಸವಾಲು ಕೂಗುವ ಕ್ರಮ, ಎರಡೂ ಪರಿಚಿತವೇ. ದುಡ್ಡಿಟ್ಟು ಆಡಬೇಕಾದ ಆಟವೂ ಇದಲ್ಲ. 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಜ್ ಸೇರಿದಾಗ, 60 ವರ್ಷದ ಪ್ರಣಬ್ ಬರ್ಧನ್ ಮತ್ತು 56 ವರ್ಷದ ಶಿವನಾಥ್ ಸರ್ಕಾರ್ ಜೋಡಿ ಭಾರತಕ್ಕೆ ಚಿನ್ನದ ಪದಕ ತಂದಿತು. ಆಟದ ಮೂಲ ನಿಯಮಗಳನ್ನು ಬಲ್ಲವರನ್ನು ಸದಾ ಕಾಡುವ ಒಂದು ಪ್ರಶ್ನೆಯನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ.

ಕಳೆದ ಸಲ ಬೆಂಗಳೂರಿಗೆ ಹೋದಾಗ ಜಯನಗರ ನಾಲ್ಕನೇ ಬ್ಲಾಕಿನ ಭಾವನ ಮನೆಯಲ್ಲಿ ಇಳಿದುಕೊಂಡಿದ್ದೆ. ರಾತ್ರಿ ಎಂಟು ಜನ ಸೇರಿ ಎರಡು ಮೇಜು ಹಾಕಿದೆವು. ಒಂದು ಮೇಜಿನಲ್ಲಿ ಆಡಿದ ಎಲೆಗಳನ್ನೇ ಇನ್ನೊಂದು ಮೇಜಿನಲ್ಲೂ ಆಡಿ ಅಂಕ ಹೋಲಿಸುವ ಪದ್ಧತಿ. ಒಂದು ಆಟದಲ್ಲಿ ಭಾವನಿಗೆ ಬಂದ ಎಲೆಗಳು ಇವು:

ಇಸ್ಪೀಟು: ಎಕ್ಕ, 6, 3
ಆಟೀನು: ರಾಜ, ರಾಣಿ, 5
ಡೈಮನ್: ರಾಣಿ, ಗುಲಾಮ, 8, 4
ಕಳಾವರ್: ಎಕ್ಕ, 9, 6

ನನ್ನವು:

ಇಸ್ಪೀಟು: ರಾಜ, 7
ಆಟೀನು: 8, 4, 2
ಡೈಮನ್: ಎಕ್ಕ, 10, 9, 5, 2
ಕಳಾವರ್: ಗುಲಾಮ, 5, 3

ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಪಾಯಿಂಟು ಎಣಿಸುವುದು ವಾಡಿಕೆ. ಭಾವನ ಕೈಯಲ್ಲಿ 16, ನನ್ನಲ್ಲಿ 8. ಒಂಬತ್ತು ಟ್ರಿಕ್ಕಿನ ಮೂರು ನೋಟ್ರಂಪ್ ಗೇಮಿಗೆ ಇಬ್ಬರ ಕೈ ಸೇರಿ 25 ಇದ್ದರೆ ಒಳ್ಳೆಯದು. ನಮಗೆ ಒಂದು ಕಡಿಮೆ.

ಭಾವ ಒಂದು ನೋಟ್ರಂಪ್ ಕೂಗಿದರು. ಅಂದರೆ 15ರಿಂದ 17 ಪಾಯಿಂಟು. ಇಂಥಲ್ಲಿ ಜೊತೆಗಾರನ ಬಳಿ 7ರವರೆಗೆ ಇದ್ದರೆ ಗೇಮಿನ ಆಸೆ ಬಿಡಬೇಕು. 10 ಇದ್ದರೆ ನೇರ ಮೂರಕ್ಕೆ ಹೋಗಬೇಕು. 8 ಅಥವಾ 9 ಇದ್ದರೆ ಎರಡು ನೋಟ್ರಂಪ್ ಕೂಗಿ, "ನಿಮ್ಮಲ್ಲಿ ಹೆಚ್ಚಿದ್ದರೆ ಏರಿ" ಎಂದು ತಿಳಿಸಬೇಕು. ನಾನು ಎರಡು ಎಂದೆ. ಭಾವ ಸ್ವಲ್ಪ ಯೋಚಿಸಿ ಮೂರು ಎಂದರು.

ನನ್ನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. ಎಲ್ಲವೂ ಡೈಮನ್ ರಾಜನ ಮೇಲೆ ನಿಂತಿತ್ತು. ರಾಜ ಭಾವನ ಎಡಬದಿಯವರಲ್ಲಿದ್ದರೆ ಡೈಮನ್ನಿನಲ್ಲೇ ಐದು ಟ್ರಿಕ್ಕು ಸಿಕ್ಕಿ ಗೇಮು ಆಗುತ್ತದೆ. ಬಲಬದಿಯವರಲ್ಲಿದ್ದರೆ ಒಂದು ಕಡಿಮೆ. ಎದುರಾಳಿ ಇಸ್ಪೀಟಿನಿಂದ ಆರಂಭಿಸಿದರು. ಭಾವ ಎಕ್ಕದಿಂದ ಹಿಡಿದು ಡೈಮನ್ ರಾಣಿಯನ್ನು ಬಿಟ್ಟರು. ರಾಜ ಬಲಬದಿಯಿಂದಲೇ ಬಂತು! ಎಂಟೇ ಟ್ರಿಕ್ಕು. ನಮಗೆ 100 ಅಂಕ ದಂಡ. ಇನ್ನೊಂದು ಮೇಜಿನವರು ಎರಡಕ್ಕೇ ನಿಂತು, ಅದೇ ಎಂಟು ಟ್ರಿಕ್ಕಿಗೆ 120 ಪಡೆದಿದ್ದರು. ಒಟ್ಟು 220 ಅಂಕದ ನಷ್ಟ.

"ನಾನು ಎರಡಕ್ಕೇ ನಿಲ್ಲಬೇಕಿತ್ತು," ಎಂದು ಭಾವ ನೊಂದುಕೊಂಡರು. ಮುಂದಿನ ಮೂರು ಆಟಗಳಲ್ಲಿ ಏರಬೇಕಾದಲ್ಲೂ ಏರಲಿಲ್ಲ. ನಿಜವಾದ ತಪ್ಪು ಇದೇ ಎಂದು ನನ್ನ ಅಭಿಪ್ರಾಯ. ಲೆಕ್ಕ ನೋಡಿ.

ಆ ಆಟದಲ್ಲಿ ನಾವು 'ವಲ್ನರಬಲ್' ಸ್ಥಿತಿಯಲ್ಲಿದ್ದೆವು. ಗೇಮಿಗೆ ಬಹುಮಾನವೂ ಹೆಚ್ಚು, ತಪ್ಪಿದರೆ ದಂಡವೂ ಹೆಚ್ಚು. ಮೂರು ಕೂಗಿ ಒಂಬತ್ತು ಮಾಡಿದರೆ 600. ಎರಡಕ್ಕೆ ನಿಂತು ಒಂಬತ್ತು ಮಾಡಿದರೆ 150 ಮಾತ್ರ. ಏರಿ ಗೆದ್ದರೆ ಲಾಭ 450. ಏರಿ ಒಂದು ಟ್ರಿಕ್ಕಿನಿಂದ ಸೋತರೆ ನಷ್ಟ 220. ಎರಡು ಸಲ ಸೋತು ಒಂದು ಸಲ ಗೆದ್ದರೂ 440 ಹೋಗಿ 450 ಬಂದಿತು! ಆದ್ದರಿಂದ ಮೂರರಲ್ಲಿ ಒಂದು ಪಾಲು ಭರವಸೆಯಿದ್ದರೂ ಏರಬಹುದು.

ವಲ್ನರಬಲ್ ಅಲ್ಲದಿದ್ದಾಗ ಗೇಮಿಗೆ 400, ದಂಡ 50. ಲಾಭ 250, ನಷ್ಟ 170. ಆಗ ಐದರಲ್ಲಿ ಎರಡು ಪಾಲು ಭರವಸೆ ಬೇಕು. ದಂಡ ಹೆಚ್ಚಿದ್ದಾಗಲೇ ಹೆಚ್ಚು ಧೈರ್ಯ ಮಾಡಬೇಕೆಂಬುದು ವಿಚಿತ್ರವಾಗಿ ಕಂಡರೂ, ಬಹುಮಾನ ದಂಡಕ್ಕಿಂತ ಹೆಚ್ಚು ಬೆಳೆದಿರುವುದೇ ಅದಕ್ಕೆ ಕಾರಣ.

ಡೈಮನ್ ರಾಜ ಎಡಕ್ಕಿರುವ ಸಂಭವ ಅರ್ಧದಷ್ಟು. ಅಂದಮೇಲೆ ಭಾವ ಏರಿದ್ದು ಸರಿಯೇ. ಸೋತದ್ದು ಎಲೆ ಕುಳಿತ ರೀತಿಯಿಂದ, ತೀರ್ಮಾನದಿಂದಲ್ಲ.

ಗಡಿಯ ಮೇಲಿನ ಕೈ ಬಂದಾಗ ಇಷ್ಟು ನೋಡಿಕೊಳ್ಳಿ. ಐದೆಲೆಯ ಉದ್ದ ಬಣ್ಣವಿದ್ದು ಅದರಲ್ಲಿ 10, 9 ಸೇರಿದ್ದರೆ ಒಂದು ಪಾಯಿಂಟು ಹೆಚ್ಚು ಎಣಿಸಿ. ನಾಲ್ಕೂ ಬಣ್ಣ ಮೂರು ಮೂರು, ನಾಲ್ಕು ಎಂದು ಸಪ್ಪೆಯಾಗಿ ಹಂಚಿದ್ದರೆ, 10, 9 ಇಲ್ಲದಿದ್ದರೆ ಹಿಂಜರಿಯಿರಿ. ಎಲ್ಲಕ್ಕಿಂತ ಮುಖ್ಯವಾಗಿ ಜೊತೆಗಾರನಿಗೆ ಇದ್ದುದನ್ನು ಇದ್ದಂತೆ ತಿಳಿಸಿ. 6 ಇಟ್ಟುಕೊಂಡು 8ರ ಸವಾಲು ಕೂಗಿದರೆ ಮೇಲಿನ ಲೆಕ್ಕ ಯಾವುದೂ ನಿಲ್ಲುವುದಿಲ್ಲ. ಹಿಂದಿನ ಆಟದ ಸೋಲನ್ನು ಮುಂದಿನ ಆಟಕ್ಕೆ ಹೊತ್ತುಕೊಂಡು ಹೋಗಬೇಡಿ.

ಈ ಲೆಕ್ಕವನ್ನು ಯಾರೂ ತೋಟಕ್ಕೆ ಅನ್ವಯಿಸದಿರಲಿ ಎಂದು ಕಾರ್ಯದರ್ಶಿಯಾಗಿ ಒಂದು ಮಾತು ಹೇಳಲೇಬೇಕು. ಒಂದು ರಾತ್ರಿಗೆ ಇಪ್ಪತ್ತು ಸಲ ಎಲೆ ಹಂಚಬಹುದು, ಸೋಲು ಗೆಲುವು ಸರಿದೂಗುತ್ತವೆ. ಫಸಲು ವರ್ಷಕ್ಕೊಂದೇ, ಸಾಲ ಮಾಡಿ ಎರಡು ಸಲ ಸೋತವನಿಗೆ ಮೂರನೆಯ ಸಲ ಎಲೆ ಹಂಚುವವರು ಸಿಗಲಾರರು. ಧೈರ್ಯಕ್ಕೆ ಮೇಜಿದೆ, ಎಚ್ಚರಿಕೆಗೆ ತೋಟವಿದೆ.